ನಾಲ್ಕೂಕಾಲರ ಬಸ್ಸು

ನನ್ನನ್ನು ಕಾರ್ಯದರ್ಶಿ ಮಾಡಿದ್ದು ನನ್ನ ಗಂಟಲು.
ಹಾಕಿ ಮೈದಾನದ ಆ ತುದಿಯಿಂದ ನಾನು ಕೂಗಿದರೆ
ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನು ತೂಗುವವರು
ತಕ್ಕಡಿ ಬಿಟ್ಟು ತಿರುಗುತ್ತಾರೆಂದು
ಕೋಚ್ ಬೆಳ್ಳಿಯಪ್ಪ ನಗುತ್ತಿದ್ದರು.
ಎದುರು ನಿಂತ ಹುಡುಗನಿಗೆ ನೂರಾ ಹನ್ನೊಂದು ಓಟು,
ನನಗೆ ಇನ್ನೂರ ಆರು.
ಬೇಕರಿಯಲ್ಲಿ ಎಲ್ಲರಿಗೂ ಪಫ್ಸ್ ಕೊಡಿಸಿ
ಅಪ್ಪನ ಸ್ಕೂಟರಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು,
ಹಗಲಲ್ಲೇ, ಮನೆಗೆ ಹೋದೆ.

ಮೊದಲ ಕೆಲಸ ಬಸ್ಸಿನದು.
ಲ್ಯಾಬ್ ಮುಗಿಯುವುದು ನಾಲ್ಕೂವರೆಗೆ,
ಬಸ್ಸು ಹೊರಡುವುದು ನಾಲ್ಕೂಕಾಲಿಗೆ,
ಅದು ಬಿಟ್ಟರೆ ಆರಕ್ಕೇ.
"ಅರ್ಧ ಗಂಟೆ ತಡ ಮಾಡಿದರೆ ಇವರ ಗಂಟೇನು ಹೋಗುತ್ತೆ?"
ಎಂದೆ ಸಭೆಯಲ್ಲಿ, ಮೇಜು ಕುಟ್ಟಿ. ಚಪ್ಪಾಳೆ ಬಿತ್ತು.
ಉದ್ದ ಹಾಳೆಯ ತುಂಬ ನೂರಾ ನಲವತ್ತು ಸಹಿ,
ಕೆಲವು ನಾನೇ ಹಾಕಿದ್ದು, ಎಡಗೈಯಲ್ಲಿ.
ಹಿಡಿದು ಮಡಿಕೇರಿಗೆ, ಡಿಪೋಗೆ ಹೋದೆ.

ಅಲ್ಲಿದ್ದವರು ಸಹಿ ನೋಡಲಿಲ್ಲ.
ಕನ್ನಡಕ ಹಣೆಗೇರಿಸಿ ಕೇಳಿದರು:
ಕೊನೇ ಸ್ಟಾಪಿನಲ್ಲಿ ಎಷ್ಟು ಮಂದಿ ಇಳಿಯುತ್ತಾರಮ್ಮ?
ಇಳಿದ ಮೇಲೆ ಎಷ್ಟು ದೂರ?

ಗಂಟಲಿಗೆ ಉತ್ತರ ಗೊತ್ತಿರಲಿಲ್ಲ.
ನಾನು ಆ ಬಸ್ಸು ಹತ್ತಿಯೇ ಇರಲಿಲ್ಲ.

ಮರುದಿನ ಸ್ಕೂಟರು ಶೆಡ್ಡಿನಲ್ಲೇ ಉಳಿಯಿತು.
ಆರರ ಬಸ್ಸು. ಡಿಸೆಂಬರು.
ಕಾಫಿ ಕೊಯ್ದು ದಣಿದ ಹೆಂಗಸರು
ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ನಿದ್ದೆ.
ತಿತಿಮತಿಯಲ್ಲಿ ಅರ್ಧ ಬಸ್ಸು ಖಾಲಿ,
ಆಮೇಲೆ ತಿರುವಿಗೊಬ್ಬರು.
ಯಾರ ಮನೆ ಎಲ್ಲೆಂದು ಕಂಡಕ್ಟರಿಗೆ ಗೊತ್ತಿತ್ತು,
ಕೇಳದೆಯೇ ಸೀಟಿ ಊದುತ್ತಿದ್ದ.
ಕೊನೆಗೆ ಉಳಿದದ್ದು ನಾನು, ಫಸ್ಟ್ ಬಿಎಸ್ಸಿಯ ಚೋಮಿ,
ಅವಳಿಗಾಗಿಯೇ ಒಂದೂವರೆ ಗಂಟೆ ಕಾದು ಹತ್ತಿದ
ಹೈಸ್ಕೂಲಿನ ಇಬ್ಬರು ಪುಟ್ಟವರು.

ಚೋಮಿಯ ಹೆಸರು ನನ್ನ ಹಾಳೆಯಲ್ಲಿತ್ತು.
ಎಡಗೈಯಲ್ಲಿ.

ಇಳಿದರೆ ಹಾಡಿಗೆ ಒಂದೂವರೆ ಕಿಲೋಮೀಟರು,
ಎಡಕ್ಕೆ ಸೋಲಾರ್ ಬೇಲಿ, ಬಲಕ್ಕೆ ಬೇಲಿ ಮುರಿದ ಜಾಗ.
ನಾನು ಟಾರ್ಚ್ ಹಚ್ಚಿ ಮುಂದಾದೆ, ಅಭ್ಯಾಸ ನೋಡಿ.
"ಬನ್ನಿ ಬನ್ನಿ, ಹೆದರಬೇಡಿ" ಎಂದೆ.
ಚೋಮಿ ತೋಳು ಹಿಡಿದು ಹಿಂದಕ್ಕೆಳೆದಳು.
"ಅಕ್ಕ, ಟಾರ್ಚ್ ಆರಿಸಿ. ಮಾತೂ."
ಕೋಪದಲ್ಲಲ್ಲ. ಲೆಕ್ಕ ಹೇಳಿಕೊಡುವ ಹಾಗೆ:
"ಮುಂದೆ ಹೋಗುವವರಿಗೆ ಕೇಳಿಸಬೇಕಲ್ಲ."

ನಿಂತೆವು. ಜೀರುಂಡೆ.
ಮತ್ತೂ ನಿಂತೆವು.
ಆಮೇಲೆ, ಸಿಲ್ವರ್ ಓಕುಗಳ ಆಚೆ,
ಬೈನೆ ಮರ ಸೀಳುವ ಸದ್ದು,
ಯಾರೋ ನಿಧಾನವಾಗಿ ಹಳೇ ಸೀರೆ ಹರಿದ ಹಾಗೆ.
ಪುಟ್ಟವಳೊಬ್ಬಳು ನನ್ನ ಕಿರುಬೆರಳು ಹಿಡಿದಳು.
ಚೋಮಿ ಚಪ್ಪಲಿ ಕೈಗೆತ್ತಿಕೊಂಡು
ಗಾಳಿಗೆ ಮೂಗೊಡ್ಡಿ ನಿಂತೇ ಇದ್ದಳು.
"ಈಗ" ಎಂದಳು.
ನಡೆದೆವು, ನಾನು ಎಲ್ಲರಿಗಿಂತ ಹಿಂದೆ.
ನನ್ನ ಹಿಂದೆ ಯಾರೂ ಇರಲಿಲ್ಲ,
ತಿರುಗಿ ತಿರುಗಿ ನೋಡುವ ಕೆಲಸ ನನ್ನದಾಯಿತು.

ಹೊಸ ಹಾಳೆ ಬರೆದದ್ದು ಅವರ ಒಲೆಯ ಮುಂದೆ.
ಸಹಿಗಳಲ್ಲ. ಇಳಿಯುವ ತಿರುವು, ನಡೆಯುವ ದೂರ,
ದಾರಿಗೆ ಬಂದು ಕಾಯುವವರು ಯಾರು.
"ನಾಯಿ ಹೆಸರೂ ಬರಿ" ಎಂದು ನಕ್ಕಳು ಅವಳ ತಾಯಿ,
"ಮೋರಿ ತನಕ ದಿನಾ ಬರೋದು ಅದೊಂದೇ."
ನಾಯಿಯೂ ಸೇರಿ ಹದಿನೇಳು ಹೆಸರು.

ಡಿಪೋದಲ್ಲಿ ಎರಡನೇ ಸಲ ಮಾತಾಡಿದ್ದು ಚೋಮಿ.
ಸಣ್ಣ ದನಿ, ಹೊರಗೆ ಬಸ್ಸುಗಳ ಗುರುಗುರು.
ನಾನು ಎದ್ದು ಕಿಟಕಿ ಮುಚ್ಚಿದೆ.
ಅಷ್ಟೇ ನಾನು ಮಾಡಿದ್ದು.

ಬಸ್ಸು ನಾಲ್ಕೂಮುಕ್ಕಾಲಾಯಿತು,
ವಾರಕ್ಕೆ ಮೂರು ದಿನ. ಉಳಿದ ದಿನ ಹಳೇ ಪಾಡು.
ಗೆದ್ದೆವೋ ಇಲ್ಲವೋ ಈಗಲೂ ತಿಳಿಯದು.
ಕಾಲೇಜ್ ಡೇ ಹಾರ ನನ್ನ ಕೊರಳಿಗೇ ಬಿತ್ತು,
ಸುಗಂಧರಾಜದ್ದು, ಕುತ್ತಿಗೆ ಕೆರೆಯುತ್ತಿತ್ತು.

ಮುಂದಿನ ಚುನಾವಣೆಗೆ ನೀನು ನಿಲ್ಲು ಎಂದೆ ಚೋಮಿಗೆ,
ಪ್ರಚಾರ ನಾನು ಮಾಡುತ್ತೇನೆ, ಗಂಟಲಿದೆಯಲ್ಲ.
ಬ್ಯಾಗು ಹೆಗಲಿಗೇರಿಸುತ್ತ ಬಸ್ಸಿನ ಕಡೆ ನೋಡಿದಳು:
"ಪುರುಸೊತ್ತಿಲ್ಲ ಅಕ್ಕ.
ಪುಟ್ಟವರು ಕಾಯ್ತಾ ಇರ್ತಾರೆ."