ಸುಣ್ಣದ ಹರಳು

ಸಾವಂತ್ರವ್ವ ಮಣ್ಣನ್ನು ಮೊದಲು ಹಲ್ಲಿಗೆ ಕೊಡುತ್ತಾಳೆ,
ಆಮೇಲೆ ಕೈಗೆ.
ಕರಕರ ಅಂದರೆ ಉಸುಕು, ಹಂಚಿಗೆ ಸಾಕು.
ಬೆಣ್ಣೆಯ ಹಾಗೆ ಜಾರಿದರೆ ಕೊಡ ಆದೀತು.
ಇನ್ನೂ ಅನುಮಾನವಿದ್ದರೆ ಬತ್ತಿ ಹೊಸೆದು
ಕಿರುಬೆರಳಿಗೆ ಉಂಗುರದ ಹಾಗೆ ಸುತ್ತುತ್ತಾಳೆ.
ಬೆನ್ನು ಬಿರಿಯಿತೋ, ಬೆರಳು ಕೊಡವುತ್ತಾಳೆ:
"ಇದು ಬಗ್ಗೂ ಪೈಕಿ ಅಲ್ಲ."

ಖಾನಾಪುರದ ಹಂಚಿನ ಕಾರ್ಖಾನೆಯ ಹಿಂದೆ
ಆಳುದ್ದ ಕುಣಿ. ಮೇಲಿನ ಮೊಳ ಬೇರು, ಕಸ.
ಕೆಳಗೆ ಕೆಂಪು, ಅದರ ಕೆಳಗೆ
ಹಳದಿ ಗೆರೆ ಎಳೆದ ಬೂದು ಜೇಡಿ.
ಕೆಂಪಿಗೆ ಮೈಕಟ್ಟು ಇದೆ, ಬಳುಕಿಲ್ಲ;
ಬೂದು ಬಳುಕುತ್ತದೆ, ಒಣಗುವಾಗ ಕುಗ್ಗುತ್ತದೆ,
ಗೇಣಿಗೆ ಒಂದು ಬೆರಳು.
"ಎರಡೂ ಕೂಡಿಸಿ ತುಳಿ" ಅಂದಳು. ತುಳಿದೆ,
ಹಿಮ್ಮಡಿಗೆ ಒಂದೇ ಮಣ್ಣು ಅನಿಸುವವರೆಗೆ.

ಲಾರಿಯಲ್ಲಿ ಚೀಲ ಹತ್ತಿ ಬರುವ ಬಿಳಿ ಮಣ್ಣು ಬೇರೆ:
ಬೆಂಕಿಗೆ ಬೆದರದು, ಬೆರಳಿಗೆ ಬಗ್ಗದು.
ತರಬೇತಿಯ ಹುಡುಗರು ಅಚ್ಚಿಗೆ ಹೊಯ್ದು
ಕಪ್ಪು ಬಸಿ ತೆಗೆಯುತ್ತಾರೆ.
ಸಾವಂತ್ರವ್ವ ಮೂಸಿದಳು. "ವಾಸನಿನ ಇಲ್ಲ" ಅಂದು
ಚೀಲದ ಬಾಯಿ ಕಟ್ಟಿದಳು.

ನಾನು ಕೊಲ್ಹಾರದವಳು.
ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ನಮ್ಮದು.
ಮಣ್ಣು ಮಾತ್ರ ಎರಿ.
ಮಳೆ ಕುಡಿದರೆ ಎತ್ತಿನ ಕಾಲು ಬಿಡದು,
ಬೇಸಗೆಯಲ್ಲಿ ಬಾಯಿ ತೆರೆದರೆ ಕುಡುಗೋಲು ಬಿದ್ದು ಕಾಣೆ.
ಪಂಚಮಿಗೆ ತವರಿಗೆ ಹೋಗಿ ಬರುವಾಗ
ರೊಟ್ಟಿಯ ಗಂಟಿನಲ್ಲಿ ಅದರ ಒಂದು ಸೇರು ತಂದೆ.
ಯಾಕೆ, ಕೇಳಬೇಡಿ.

ಒಂದು ಕೊಡಕ್ಕೆ ಒಂದು ಹಿಡಿ, ಕದ್ದು ಬೆರೆಸಿದೆ.
ತಿಗರಿಯ ಮೇಲೆ ಅದು ಎದ್ದ ಬಗೆಯೇ!
ಬೆರಳು ಒತ್ತಿದಲ್ಲಿ ಕತ್ತು, ಬಿಟ್ಟಲ್ಲಿ ತುಟಿ.
ಎಂಟು ದಿನ ಗೋಣಿ ಹೊದಿಸಿ ನೆರಳಿನಲ್ಲಿಟ್ಟೆ.
ಆವಿಗೆಯಿಂದ ಬಿರುಕಿಲ್ಲದೆ ಬಂತು,
ಬಾರಿಸಿದರೆ ಕಂಚು.
ಅತ್ತೆ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು,
ಏನೂ ಅನ್ನಲಿಲ್ಲ.

ಆರನೆಯ ದಿನ, ರಾತ್ರಿ ಊಟದ ನಡುವೆ
ಮೂಲೆಯಲ್ಲಿ ಟಪ್ ಅಂತು.
ಕೊಡದ ಹೊಟ್ಟೆಯಿಂದ ಎಂಟಾಣೆಯಗಲ ಹಕ್ಕಳೆ ಹಾರಿತ್ತು.
ಗುಳಿಯ ನಡುವೆ ಜೋಳದ ಕಾಳಿನಷ್ಟು ಬಿಳಿ:
ಎರಿಯೊಳಗಿನ ಸುಣ್ಣದ ಹರಳು,
ಬೆಂಕಿಯಲ್ಲಿ ಬೆಂದು, ಸುಮ್ಮನೆ ಕೂತು,
ಗಾಳಿಯ ತೇವ ಕುಡಿದು ಉಬ್ಬಿದ್ದು.
ಮತ್ತೊಂದು ಟಪ್.
ಗಂಡನ ಕೈ ತುತ್ತಿನ ಸಮೇತ ನಿಂತಿತು.
ಸಾವಂತ್ರವ್ವ ನಕ್ಕಳು, ನಕ್ಕು ಕೆಮ್ಮಿದಳು:
"ನಿಮ್ಮೂರ ಮಣ್ಣು ಮಾತಾಡಾಕತ್ತೈತಿ ನೋಡವಾ.
ಆರು ದಿನ ತಡಕೊಂಡಿತ್ತು, ಪಾಪ."

ಬೆಳಗಾದರೆ ಹಿತ್ತಲಲ್ಲಿ ಬಕೆಟ್ಟು,
ಬಾಯಿಗೆ ಅವಳ ಹಳೆಯ ಇಳಕಲ್ಲ ಸೀರೆಯ ತುಂಡು,
ಪಕ್ಕದಲ್ಲಿ ಉಳಿದ ಎರಿ, ನೆನೆದು ನಿಂತದ್ದು.
"ಸೋಸು" ಅಂದಳು, "ಹರಳು ನನಗ ಕೊಡು."
ಯಾಕೆ, ನಾನೂ ಕೇಳಲಿಲ್ಲ.