ಪೊರಕೆಯ ವಿಮರ್ಶೆ

ಈ ಬೇಸಿಗೆಯ ಚಿತ್ರಗಳ ಬಗ್ಗೆ ಕೇಳುವುದಾದರೆ
ನನ್ನನ್ನೇ ಕೇಳಿ.
ಒಂದನ್ನೂ ಪೂರ್ತಿ ನೋಡಿಲ್ಲ,
ಎಲ್ಲವನ್ನೂ ಗುಡಿಸಿದ್ದೇನೆ.

ಈರಿ ಸರೋವರದ ದಂಡೆಯ ಊರು ನಮ್ಮದು,
ಊರಿಗೊಂದೇ ಟಾಕೀಸು, ಮುನ್ನೂರ ಹನ್ನೆರಡು ಸೀಟು,
ಅದರಲ್ಲಿ ಒಂಬತ್ತು ಮುರಿದವು.
ಪರದೆ ಕಪ್ಪಾಗಿ ಹೆಸರುಗಳು ಮೇಲೇರುವಾಗ
ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ.
ಹೊರಬರುವವರು ಚೆನ್ನಾಗಿತ್ತು ಅನ್ನುತ್ತಾರೆ,
ಕೊಟ್ಟ ದುಡ್ಡಿನ ಮರ್ಯಾದೆಗೆ.
ನೆಲಕ್ಕೆ ಆ ಹಂಗಿಲ್ಲ.

ಮೇ ತಿಂಗಳಲ್ಲಿ ಬಂದದ್ದು ನಗರಗಳು ಉರುಳುವ ಚಿತ್ರ.
ಹದಿನಾಲ್ಕು ಸೇತುವೆ ಮುರಿದವಂತೆ, ಡೆಸ್ಮಂಡ್ ಎಣಿಸಿದ್ದ;
ಹತ್ತು ವರ್ಷದವನು, ಮೂರು ಸಲ ನೋಡಿದ.
ನೆಲದ ತೀರ್ಪು ಬೇರೆ:
ಪಾಪ್‌ಕಾರ್ನ್ ಡಬ್ಬಿಗಳು ತಳದವರೆಗೂ ಖಾಲಿ.
ಬೇಜಾರಾದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ,
ನಿಜವಾಗಿ ಹೆದರಿದವರು ತಿನ್ನುವುದನ್ನು ಮರೆಯುತ್ತಾರೆ.
ಅದಕ್ಕೇ ಹೇಳುತ್ತೇನೆ, ಶಾರ್ಕಿನ ಚಿತ್ರವೇ ವಾಸಿ,
ಪತ್ರಿಕೆಯವರು ಒಂದೂವರೆ ನಕ್ಷತ್ರ ಕೊಟ್ಟರೂ.
ಆರನೆಯ ಸಾಲಿನಿಂದ ಹಿಂದಕ್ಕೆ ಅರ್ಧರ್ಧ ಡಬ್ಬಿ ಚೆಲ್ಲಿತ್ತು,
ಒಂದು ಚಪ್ಪಲಿಯೂ ಸಿಕ್ಕಿತು, ಎಡಗಾಲಿನದು.
ಯಾರೂ ಕೇಳಿಕೊಂಡು ಬರಲಿಲ್ಲ.

ಕಡಲ ನೀರುನಾಯಿಗಳ ಕಾರ್ಟೂನು, ಅದರ ಮಾತು ಬೇಡ.
ಮಕ್ಕಳು ನಕ್ಕು ಸೀಟಿನಡಿ ಅಂಟುಮಿಠಾಯಿ ಮೆತ್ತಿದರು.
ಅತ್ತವರು ಅಮ್ಮಂದಿರು:
ಹನ್ನೊಂದು ಟಿಶ್ಯೂ ಮುದ್ದೆ, ಒಂದೇ ಆಟದಲ್ಲಿ.
ತಾಯಿ ತನ್ನ ಚಿಪ್ಪೊಡೆಯುವ ಕಲ್ಲನ್ನು ಮರಿಗೆ ಕೊಡುವ ಜಾಗ
ಗೋಡೆಯಾಚೆಯಿಂದ ಬರೀ ಕೇಳಿಯೇ ನನಗೂ...
ಇರಲಿ. ಧೂಳು.

ಜೂನಿನ ಕೊನೆಗೆ ಸರೋವರದಿಂದ ಹುಳುಗಳು ಏಳುತ್ತವೆ.
ಒಂದು ದಿನದ ಆಯುಸ್ಸು, ತಿನ್ನಲು ಬಾಯಿಯೂ ಇಲ್ಲ,
ಎದ್ದವೇ ನೇರ ನಮ್ಮ ಫಲಕದ ದೀಪಕ್ಕೆ.
ಕಾರುಗಳ ಸಿನಿಮಾದ ಏಳನೆಯ ಭಾಗ ಬಿಡುಗಡೆಯಾದ ರಾತ್ರಿ
ಗಲ್ಲಾಪೆಟ್ಟಿಗೆಯ ಎದುರು ಕಣಕಾಲು ಮಟ್ಟದ ರಾಶಿ;
ಪೊರಕೆ ಸಾಲದೆ ಹಿಮ ಎತ್ತುವ ಸಲಿಕೆ ತಂದೆ.
ಜನ ಕರಕರ ತುಳಿಯುತ್ತಲೇ ಒಳಗೆ ಹೋದರು.
"ಪಾಪ್‌ಕಾರ್ನ್ ಬಾಗಿಲಿಂದಲೇ ಶುರು" ಅಂದ ಮಾಲೀಕ ಕಾಜ್ಮಿಯರ್.
ಚಿತ್ರವೇ?
ಬೆಳಗಾಗುವಷ್ಟರಲ್ಲಿ ಕಥೆ ಯಾರಿಗೂ ನೆನಪಿರಲಿಲ್ಲ,
ಗಳಿಕೆ ಎಷ್ಟು ಕೋಟಿಯೆಂದು ಕ್ಷೌರದಂಗಡಿಯಲ್ಲೂ ಗೊತ್ತಿತ್ತು.

ಇನ್ನು, ಬರಲಿರುವವು.
ಪೋಸ್ಟರುಗಳು ಕೊಳವೆಯೊಳಗೆ ಸುರುಳಿಯಾಗಿ ಬರುತ್ತವೆ,
ಬಿಡಿಸಿದರೂ ಮತ್ತೆ ಸುತ್ತಿಕೊಳ್ಳುತ್ತವೆ, ಕೂಸಿನ ಮುಷ್ಟಿಯ ಹಾಗೆ.
ನವೆಂಬರಿಗೆ ಯುದ್ಧ, ಕ್ರಿಸ್‌ಮಸ್ಸಿಗೆ ಹಾಡುವ ರಾಣಿ,
ಬರುವ ಮೇಗೆ ಉರುಳುವ ನಗರಗಳ ಎರಡನೆಯ ಭಾಗ;
ಇನ್ನೆಷ್ಟು ಸೇತುವೆ ಉಳಿದಿವೆಯೋ, ಡೆಸ್ಮಂಡನನ್ನು ಕೇಳಬೇಕು.

ತೋತ್ ಮುದುಕ ಟ್ರೇಲರಿಗೆ ಮಾತ್ರ ಬರುತ್ತಾನೆ.
ಪೂರ್ತಿ ಟಿಕೆಟ್ ಕೊಳ್ಳುತ್ತಾನೆ, ಕೊನೆಯ ಸಾಲಿನ ತುದಿ,
ಹದಿನೆಂಟು ನಿಮಿಷ, ಆರು ಟ್ರೇಲರು,
ಚಿತ್ರ ಶುರುವಾದ ಕೂಡಲೇ ಟೋಪಿ ಹಾಕಿಕೊಂಡು ಹೊರಗೆ.
ಎಂಬತ್ತಾರು ಅವನಿಗೆ. ಉಕ್ಕಿನ ಕಾರ್ಖಾನೆ ತಿಂದುಬಿಟ್ಟ ಕಿವಿ.
"ಕೆನೆಯನ್ನೆಲ್ಲ ಮೊದಲೇ ಬಡಿಸಿಬಿಡ್ತಾರೆ,
ಮಿಕ್ಕಿದ್ದು ಬರೀ ಚರಟ" ಅನ್ನುತ್ತಾನೆ, ಜೋರಾಗಿ,
ಒಳಗಿದ್ದವರಿಗೂ ಕೇಳುವ ಹಾಗೆ.

ಮೊನ್ನೆ ಬಾಗಿಲಲ್ಲಿ ನಿಂತ.
"ರೊವೀನಾ, ಚಂದ್ರನ ಮೇಲೆ ಹಸು ಸಾಕುವವನ ಚಿತ್ರ,
ಅದು ಯಾವಾಗ?"
ಮುಂದಿನ ಜುಲೈ ಅಂದೆ.
ಈ ಆಗಸ್ಟಿನಿಂದ ಬೆರಳು ಮಡಚುತ್ತಾ ಹೋದ,
ಒಂದು ಕೈ ಮುಗಿಯಿತು, ಇನ್ನೊಂದೂ ಮುಗಿಯಿತು,
ಹನ್ನೊಂದನೆಯ ತಿಂಗಳಿಗೆ ಬೆರಳಿಲ್ಲದೆ ಸುತ್ತ ನೋಡಿ
ನನ್ನ ಪೊರಕೆಯ ಹಿಡಿಯನ್ನು ಹಿಡಿದುಕೊಂಡ.
ಆಮೇಲೆ, ಇನ್ನೂ ಒಂದು ಬೇಕು,
ಜುಲೈ ಬಾಕಿ ಇದೆ ಅಂತ ಟೋಪಿ ಮುಟ್ಟಿದ.
"ಅದನ್ನು ಪೂರ್ತಿ ನೋಡ್ತೀನಿ" ಅಂದ.

ಅವನ ಸೀಟಿನಡಿ ಯಾವತ್ತೂ ಏನೂ ಇರುವುದಿಲ್ಲ.
ಆದರೂ ಗುಡಿಸಿದೆ.
ಚಂದ್ರನ ಮೇಲೆ ಹುಲ್ಲು ಎಲ್ಲಿಂದ ತರುತ್ತಾರೋ.