ಕಂದು ಬಣ್ಣಕ್ಕೆ ಅಂಕ

ಪುಂತಾ ಅರೇನಾಸ್‌ನಲ್ಲಿ ಗಾಳಿ ಎದ್ದ ದಿನ
ಚೌಕದ ಮೂಲೆಗಳಲ್ಲಿ ಹಗ್ಗ ಬಿಗಿಯುತ್ತಾರೆ,
ನಡೆಯುವವರು ಹಿಡಿದು ದಾಟಲೆಂದು.
ಹಾಗೇ ಹಿಡಿದು ಬಂದೆ. ಅಂಗೈ ಇನ್ನೂ ಉರಿಯುತ್ತಿದೆ.
ಈಗ ಅದೇ ಅಂಗೈ ಮೇಲೆ ಮೇಣದ ಬಿಲ್ಲೆ,
ಒಳಗೆ ಉಗುರಿನಷ್ಟು ಒಬ್ಬಳು.

ನೂರ ಮೂವತ್ತೆರಡು ಬಿಲ್ಲೆ
ನೆಲಮಾಳಿಗೆಯ ಮರದ ಡ್ರಾಯರಿನಿಂದ ಎತ್ತಿ ತಂದಿದ್ದೇವೆ.
ಎಲ್ಲವೂ ಮೊದಲ ಹಂತದವು,
ಗರ್ಭದ ಕೊರಳಲ್ಲೇ ಕೂತು ಹೊಸ್ತಿಲು ದಾಟಿರದಂಥವು.
ಹೆಸರಿಲ್ಲ, ಸಂಖ್ಯೆ ಮಾತ್ರ.
ಹೆಸರಿನ ಪಟ್ಟಿ ಡಾಕ್ಟರ್ ಫ್ರೇಸಿಯಾ ಓಯಾರ್ಸುನ್ ಬೀರುವಿನಲ್ಲಿ,
ಬೀಗದ ಕೈ ಅವರ ಕೊರಳ ದಾರದಲ್ಲಿ.

ಏಡಿ ಕಾರ್ಖಾನೆಯಲ್ಲಿ ಕಾಲು ಮುರಿದು ಮಾಂಸ ಬಿಡಿಸಿದವರು,
ಚಿಲೋಯೆ ದ್ವೀಪದಿಂದ ಹಡಗು ಹತ್ತಿ ಬಂದವರು,
ಉಣ್ಣೆ ವಿಂಗಡಿಸಿದವರು, ಒಬ್ಬ ಟೀಚರೂ ಇರಬಹುದು.
ಅಲಗಿಗೆ ಎಲ್ಲರೂ ಮೂರು ಮೈಕ್ರಾನು.

ಬೆಚ್ಚನೆ ನೀರಲ್ಲಿ ತೇಲಿಸಿ, ಗಾಜಿಗೆ ಹತ್ತಿಸಿ,
ಬಣ್ಣ ಕೊಟ್ಟು ಕಾಯುತ್ತೇನೆ.
ಹುಡುಕುವುದು ಒಂದು ಬಾಗಿಲು,
ಜೀವಕೋಶದ ಗೋಡೆಯಲ್ಲಿರುವಂಥದ್ದು.
ಹೊರಗಿನಿಂದ ಬಂದು ಅದನ್ನು ತಟ್ಟಿದ್ದು
ಹೇಳುವುದು ಒಂದೇ ಮಾತು:
ಬೆಳೆ.

ಎಷ್ಟು ಒಳ್ಳೆಯ ಮಾತು!
ತರಚಿದ ಮಂಡಿಗೆ ಇದನ್ನೇ ಹೇಳಿ ಚರ್ಮ ತರಿಸಿದ್ದು.
ಬಸಿರ ಕತ್ತಲಲ್ಲಿ ಐದು ಬೆರಳು ಬಿಡಿಸಿದ್ದು.
ತಟ್ಟಿದ್ದರಲ್ಲಿ ತಪ್ಪಿಲ್ಲ.
ಆದರೆ ಒಂದೇ ಮನೆಗೆ ಸಾವಿರ ಬಾಗಿಲಾದರೆ,
ಗಾಳಿ ಅಲುಗಿಸಿದ್ದನ್ನೂ ಕರೆಯೆಂದುಕೊಂಡು
ಓಗೊಡುತ್ತ ಓಗೊಡುತ್ತ
ಸಾಕು ಎಂಬುದೊಂದು ಕೇಳಿಸದೇ ಹೋದರೆ?

ಬಾಗಿಲಿದ್ದಲ್ಲಿ ಕಂದು ಮೂಡುತ್ತದೆ.
ತಿಳಿ ಚಹದ ಕಂದಿಗೆ ಒಂದು.
ದಡದಲ್ಲಿ ಮಲಗಿದ ಹಳೇ ಹಡಗಿನ ತುಕ್ಕಿಗೆ ಮೂರು.
ನಡುವೆ ಎಲ್ಲೋ, ಎರಡು.
ಏನೂ ಇಲ್ಲದಿದ್ದರೆ ಸೊನ್ನೆ, ಬರೀ ನೀಲಿ ಚುಕ್ಕೆಗಳ ಸಂತೆ.

ಎದುರು ಕುರ್ಚಿಯಲ್ಲಿ ಮಿಲೆಂಕೊ.
ಒಂದೇ ಮೈಕ್ರೋಸ್ಕೋಪಿಗೆ ನಾಲ್ಕು ಕಣ್ಣು.
“ಮೂರು,” ಅಂದ.
“ಎರಡು,” ಅಂದೆ.
“ಅಂಚು ನೋಡು ಯಾಸ್ನಾ, ಪೂರ್ತಿ ಸುತ್ತಿಕೊಂಡಿದೆ.”
“ಎರಡು.”

ಅವನಿಗೆ ಗೊತ್ತಿಲ್ಲ.
ಹನ್ನೊಂದು ವರ್ಷದ ಹಿಂದೆ, ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ
ನನ್ನಿಂದಲೂ ಉಗುರಿನಷ್ಟು ತೆಗೆದರು.
ಆ ವರ್ಷದವು ಇಪ್ಪತ್ತಾರು ಇವೆ ಇದರಲ್ಲಿ.
ನಿಯಮದ ಪ್ರಕಾರ ನಾನಿಲ್ಲಿ ಕೂರಲೇಬಾರದು.
ಯಾವುದು ನಾನು ಎಂದು ಫ್ರೇಸಿಯಾ ಹೇಳಲಾರರು,
ಕೇಳಲಾರೆ ನಾನೂ.
ಒಂದು ಸೋಮವಾರ ಇಪ್ಪತ್ತಾರಕ್ಕೂ ಎರಡೆರಡು ಕೊಟ್ಟುಬಿಟ್ಟೆ.
ಮಂಗಳವಾರ ಬಂದು, ಹಾಳೆ ಹರಿದು,
ಮೊದಲಿಂದ ನೋಡಿದೆ.
ಇಷ್ಟು ಮೆಲ್ಲಗೆ ಯಾರನ್ನೂ ಎಂದೂ ನೋಡಿರಲಿಲ್ಲ.

ಮಾರ್ಚಿಯಲ್ಲಿ ಗೆರೆಗಳು ಬಂದವು, ಎರಡು,
ಒಂದೇ ಎತ್ತರದಿಂದ ಜೊತೆಯಾಗಿ ಹೊರಟವು.
ಮೆಟ್ಟಿಲಿಳಿದಲ್ಲೆಲ್ಲ ಒಬ್ಬಳು ಹೋದಳೆಂದು ಲೆಕ್ಕ.
ಗಾಢ ಕಂದಿನವರ ಗೆರೆ ಬೇಗ ಇಳಿಯಿತು, ಬಹಳವೇನಲ್ಲ.
ಮಿಲೆಂಕೊ ಗೆದ್ದ ಮುಖ ಮಾಡಲಿಲ್ಲ.
ನಾನು ನೋಡಿದ್ದು ಸಣ್ಣ ಕಡ್ಡಿಗುರುತುಗಳನ್ನು:
ಊರು ಬಿಟ್ಟವರು, ಫೋನು ಎತ್ತದವರು,
ಇಷ್ಟು ದಿನವಂತೂ ಇದ್ದಳು, ಮುಂದಿನದು ತಿಳಿಯದು ಎಂಬವರು.
ಹನ್ನೊಂದನೇ ವರ್ಷದ ನೇರಕ್ಕೆ
ಮೇಲಿನ ಗೆರೆಯಲ್ಲಿ ಒಂಬತ್ತು ಕಡ್ಡಿ.
ಕೆಳಗಿನದರಲ್ಲೂ
ಒಂದು.
ಆ ಒಂದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ,
ಆಮೇಲೆ ಒಂಬತ್ತರ ಮೇಲೆ.

ಸಂಜೆ ಮತ್ತೆ ಗಾಳಿ. ಮತ್ತೆ ಹಗ್ಗ.
ನನಗಿಂತ ಆರು ಹೆಜ್ಜೆ ಮುಂದೆ
ಏಡಿ ಕಾರ್ಖಾನೆಯ ಬಿಳಿ ಬೂಟಿನ ಹೆಂಗಸು.
ಅವಳು ಜಗ್ಗಿದ್ದು ನನ್ನ ಅಂಗೈಗೆ ಬರುತ್ತದೆ,
ನಾನು ವಾಲಿದ್ದು ಅವಳಿಗೆ ಹೋಗುತ್ತಿರಬೇಕು.
ಬೀದಿಯ ನಡುವೆ ತಿರುಗಿ ಏನೋ ಕೂಗಿದಳು.
ಗಾಳಿ ಎತ್ತಿಕೊಂಡು ಹೋಯಿತು ಆ ಮಾತನ್ನು
ಜಲಸಂಧಿಯ ಕಡೆಗೆ.

ಹೂಂ ಎಂದು ತಲೆಯಾಡಿಸಿದೆ.